ಪುಕ್ಕಟೆ ಆಂಪ್ ಟೋನ್ ಡೆಮೊ ಥರ ಕೇಳಿಸದಿದ್ದಾಗ: ತಪ್ಪು ಎಲ್ಲಿದೆ ಅಂತ ಹುಡುಕುವ ಕ್ರಮ

"ಗುರು, ನೀನು ಹಾಕಿದ ಟೋನ್ ಏನೂ ಚೆನ್ನಾಗಿಲ್ಲ. ತಗಡಿನ ಡಬ್ಬಕ್ಕೆ ಜೇನುಹುಳ ತುಂಬಿ ಅಲ್ಲಾಡಿಸಿದ ಹಾಗಿದೆ."

ಇಂಥ ಮೆಸೇಜ್ ನನಗೆ ಆಗಾಗ ಬರುತ್ತದೆ. ಕೈಗೆ ಸಿಕ್ಕ ಆಂಪ್‌ಗಳನ್ನು (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಬಿಡುವಿದ್ದಾಗ ಕ್ಯಾಪ್ಚರ್ ಮಾಡಿ, ಅಂದರೆ ಅವುಗಳ ಸದ್ದಿನ ಗುಣವನ್ನು ಫೈಲ್ ಆಗಿ ಹಿಡಿದು, ನಮ್ಮ ಗಿಟಾರ್ ಬಳಗಕ್ಕೆ ಹಂಚುವುದು ನನ್ನ ಚಟ. ಟೋನ್ ಪುಕ್ಕಟೆ, ಬೈಗುಳವೂ ಪುಕ್ಕಟೆ. ಬೇಜಾರೇನಿಲ್ಲ. ಆದರೆ ಹತ್ತರಲ್ಲಿ ಎಂಟು ಸಲ ದೂರು ಕೊಟ್ಟವರ ಮನೆಯಲ್ಲೇ ಕಾರಣ ಸಿಗುತ್ತದೆ. ಉಳಿದ ಎರಡು ಸಲ ತಪ್ಪು ನನ್ನದೇ. ಒಮ್ಮೆ ಹೇಗೆ ಮಾನ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಇಲ್ಲಿ ಬರೆದಿರುವುದು ನ್ಯಾಮ್ ಫೈಲ್‌ಗಳ ಬಗ್ಗೆ. ಪೂರ್ತಿ ಹೆಸರು ನ್ಯೂರಲ್ ಆಂಪ್ ಮಾಡೆಲರ್. ಸ್ಟೀವನ್ ಅಟ್ಕಿನ್ಸನ್ ಬರೆದ ಮುಕ್ತ ತಂತ್ರಾಂಶ. ನಿಜವಾದ ಆಂಪ್‌ನೊಳಗೆ ಒಂದು ಗೊತ್ತಾದ ಸದ್ದನ್ನು ಕಳಿಸಿ, ಆ ಕಡೆಯಿಂದ ಬಂದದ್ದನ್ನು ರೆಕಾರ್ಡ್ ಮಾಡಿ, ಎರಡರ ನಡುವಿನ ವ್ಯತ್ಯಾಸವನ್ನು ಕಂಪ್ಯೂಟರಿಗೆ ಕಲಿಸುತ್ತೇವೆ. ಕಲಿತದ್ದು ಒಂದು ಪುಟ್ಟ ಫೈಲ್ ಆಗುತ್ತದೆ. ಅದನ್ನೇ ನಾವು ಟೋನ್ ಅಂತ ಹಂಚಿಕೊಳ್ಳುವುದು. ಒಂದು ಮಾತು ನೆನಪಿರಲಿ. ಇದು ಆಂಪ್‌ನ ಫೋಟೋ ಇದ್ದ ಹಾಗೆ. ಗೇನ್ (ಸದ್ದನ್ನು ಎಷ್ಟು ಏರಿಸಬೇಕು ಅನ್ನುವ ನಾಬ್) 6ರಲ್ಲಿ ಇಟ್ಟು ಕ್ಯಾಪ್ಚರ್ ಮಾಡಿದರೆ ಆ ಫೈಲ್‌ನಲ್ಲಿ ಗೇನ್ ಯಾವತ್ತೂ 6. ಈ ಫೈಲ್ ಓಡಿಸುವ ಪ್ಲಗಿನ್‌ನಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಕೂರುವ ಪುಟ್ಟ ತಂತ್ರಾಂಶ) ಕಾಣುವ ಬಾಸ್, ಮಿಡ್, ಟ್ರೆಬಲ್ ನಾಬ್‌ಗಳು ಆ ಆಂಪ್‌ನವಲ್ಲ. ಆಮೇಲೆ ಸೇರಿಸಿದ ಮಾಮೂಲಿ ಈಕ್ಯೂ.

ಬೇರೆ ಪ್ಲಗಿನ್ ಅಥವಾ ಮಲ್ಟಿ ಎಫೆಕ್ಟ್ಸ್ ಪೆಡಲ್ ಇಟ್ಟುಕೊಂಡವರಿಗೂ ಮುಂದಿನದರಲ್ಲಿ ಮುಕ್ಕಾಲು ಪಾಲು ಹಾಗೇ ಅನ್ವಯಿಸುತ್ತದೆ.

ಫೈಲೇ ತೆರೆಯುತ್ತಿಲ್ಲ ಅಂದರೆ

ಇದು ಸುಲಭದ್ದು, ಬೇಗ ಮುಗಿಸೋಣ. ಜಿಪ್ ಫೈಲ್ ಬಿಚ್ಚಿದ್ದೀರಾ? ವಿಂಡೋಸ್‌ನಲ್ಲಿ ಜಿಪ್ ಮೇಲೆ ಎರಡು ಸಲ ಒತ್ತಿದರೆ ಒಳಗಿನದೆಲ್ಲ ಕಾಣುತ್ತದೆ. ಹಾಗಾಗಿ ಬಿಚ್ಚಿದ್ದೇವೆ ಅಂತ ಅನ್ನಿಸುತ್ತದೆ. ಪ್ಲಗಿನ್‌ಗೆ ಆ ಫೈಲ್ ಕಾಣುವುದಿಲ್ಲ. ಬೇರೆ ಫೋಲ್ಡರಿಗೆ ಎಕ್ಸ್‌ಟ್ರಾಕ್ಟ್ ಮಾಡಿ.

ಬಿಚ್ಚಿಯೂ ತೆರೆಯದಿದ್ದರೆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ನ್ಯಾಮ್ ಫೈಲ್ ಅಂದರೆ ಬರೀ ಅಕ್ಷರ, ಅಂಕಿ. ಹೂವಿನ ಆವರಣದಿಂದ, ಅಂದರೆ { ಗುರುತಿನಿಂದ ಶುರುವಾಗಬೇಕು. ಸ್ವಲ್ಪ ಮುಂದೆ ವರ್ಷನ್, ಆರ್ಕಿಟೆಕ್ಚರ್ ಅನ್ನುವ ಪದಗಳು ಕಾಣಬೇಕು. ಆಮೇಲೆ ದಶಮಾಂಶದ ಅಂಕಿಗಳ ಸಾಲು ಮುಗಿಯದೆ ಹೋಗುತ್ತದೆ. ಅದರ ಬದಲು ಮೊದಲ ಅಕ್ಷರವೇ < ಇದ್ದರೆ ನೀವು ಇಳಿಸಿಕೊಂಡಿದ್ದು ಟೋನ್ ಅಲ್ಲ, ಡೌನ್‌ಲೋಡ್ ಬಟನ್ ಇರುವ ಪುಟ. ಮತ್ತೆ ಹೋಗಿ ಸರಿಯಾದ ಬಟನ್ ಒತ್ತಿ. ನೋಟ್‌ಪ್ಯಾಡ್ ಮುಚ್ಚುವಾಗ ಸೇವ್ ಮಾಡಬೇಡಿ.

ಮೊಬೈಲ್‌ನಿಂದ ದಾಟಿಸುವಾಗ ಫೈಲ್ ಹೆಸರಿನ ಕೊನೆಗೆ ಇನ್ನೊಂದು ಬಾಲ ಅಂಟಿಕೊಳ್ಳುವುದೂ ಉಂಟು. ಡಾಟ್ ನ್ಯಾಮ್ ಆದಮೇಲೆ ಡಾಟ್ ಟೆಕ್ಸ್ಟ್ ಅಂತ. ವಿಂಡೋಸ್ ಆ ಬಾಲವನ್ನು ಮುಚ್ಚಿಡುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಮಾಡಿಕೊಂಡು, ಬಾಲ ಕತ್ತರಿಸಿ. ಎಲ್ಲ ಸರಿಯಿದ್ದೂ ತೆರೆಯದಿದ್ದರೆ ಪ್ಲಗಿನ್ ಹಳೆಯದಾಗಿರಬಹುದು. ಹೊಸದು ಹಾಕಿಕೊಳ್ಳಿ. ಅದೂ ಪುಕ್ಕಟೆಯೇ.

ನಾಬ್ ಮುಟ್ಟುವ ಮೊದಲು: ದಾರಿಯನ್ನು ಅರ್ಧಕ್ಕೆ ಕತ್ತರಿಸಿ

ಟೋನ್ ಚೆನ್ನಾಗಿಲ್ಲ ಅಂದ ತಕ್ಷಣ ಎಲ್ಲರೂ ಮಾಡುವುದು ಒಂದೇ. ಟ್ರೆಬಲ್ ಇಳಿಸು, ಮಿಡ್ ಏರಿಸು, ಐಆರ್ (ಸ್ಪೀಕರಿನ ಗುಣ ಹಿಡಿದಿಟ್ಟ ಫೈಲ್) ಬದಲಿಸು. ಅರ್ಧ ಗಂಟೆ ಆದಮೇಲೆ ಕಿವಿ ಸೋತಿರುತ್ತದೆ. ಎಲ್ಲಿಂದ ಶುರು ಮಾಡಿದ್ದೆವು ಅನ್ನುವುದೂ ಮರೆತಿರುತ್ತದೆ.

ತಂತಿಯಿಂದ ಕಿವಿಯವರೆಗಿನ ದಾರಿ ಉದ್ದದ್ದು. ತಂತಿ, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಕೇಬಲ್, ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬ), ಪ್ಲಗಿನ್, ಐಆರ್, ಹೆಡ್‌ಫೋನ್. ಇದನ್ನು ಪ್ಲಗಿನ್‌ನ ಬಾಗಿಲಲ್ಲಿ ಎರಡು ಭಾಗ ಮಾಡಿ. ಬಾಗಿಲಿನ ಈಚೆ ಗಿಟಾರ್ ಕಡೆ. ಆಚೆ ಸಾಫ್ಟ್‌ವೇರ್ ಕಡೆ. ತಪ್ಪು ಯಾವ ಕಡೆ ಇದೆ ಅಂತ ಮೊದಲು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೆ ಬೇಕಾದ್ದು ಒಂದು ಡಿಐ ಫೈಲ್. ಡಿಐ ಅಂದರೆ ಆಂಪ್ ಇಲ್ಲದ, ಏನೂ ಬೆರೆಸದ, ಗಿಟಾರಿನ ಹಸಿ ಸದ್ದು. ನಾನು ಟೋನ್ ಹಂಚುವಾಗ ಜಿಪ್‌ನಲ್ಲಿ ಮೂರು ಫೈಲ್ ಇಡುತ್ತೇನೆ. ಒಂದು ಟೋನ್. ಇನ್ನೊಂದು 20 ಸೆಕೆಂಡಿನ ಡಿಐ. ಮೂರನೆಯದು, ಅದೇ ಡಿಐಯನ್ನು ಅದೇ ಟೋನ್‌ನೊಳಗೆ ಹಾಯಿಸಿದಾಗ ನನ್ನ ಕಂಪ್ಯೂಟರಿನಲ್ಲಿ ಬಂದ ಸದ್ದು.

ನೀವು ಮಾಡಬೇಕಾದ್ದು ಇಷ್ಟು. ರೀಪರ್ ಅಥವಾ ನೀವು ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 48 ಕಿಲೋಹರ್ಟ್ಸ್‌ನ ಹೊಸ ಪ್ರಾಜೆಕ್ಟ್ ತೆರೆಯಿರಿ. ಡಿಐ ಫೈಲನ್ನು ಒಂದು ಟ್ರ್ಯಾಕ್‌ಗೆ ಹಾಕಿ. ಅದರ ಮೇಲೆ ನ್ಯಾಮ್ ಹಾಕಿ. ಇನ್‌ಪುಟ್ 0, ಔಟ್‌ಪುಟ್ 0. ನಾಯ್ಸ್ ಗೇಟ್ ಆಫ್. ಈಕ್ಯೂ ಆಫ್. ನಾನು ಐಆರ್ ಕೊಟ್ಟಿದ್ದರೆ ಅದನ್ನೇ ಹಾಕಿ, ನಿಮ್ಮ ಪ್ರೀತಿಯ ಐಆರ್ ಈಗ ಬೇಡ. ಇನ್ನೊಂದು ಟ್ರ್ಯಾಕ್‌ಗೆ ನನ್ನ ಮೂರನೆಯ ಫೈಲ್ ಹಾಕಿ. ಎರಡನ್ನೂ ಒಂದಾದಮೇಲೆ ಒಂದು ಕೇಳಿ. ಕೇಳುವ ಮುಂಚೆ ವಾಲ್ಯೂಮ್ ಸಮ ಮಾಡಿಕೊಳ್ಳಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಸುಮ್ನೆ ಮೋಸ ಮಾಡುತ್ತದೆ.

ಕಿವಿ ಮೇಲೆ ನಂಬಿಕೆ ಇಲ್ಲದವರಿಗೆ ಒಂದು ಉಪಾಯ. ಎರಡರಲ್ಲಿ ಒಂದು ಟ್ರ್ಯಾಕ್‌ನ ಫೇಸ್ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ, ಎರಡನ್ನೂ ಒಟ್ಟಿಗೆ ಬಾರಿಸಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ನುಂಗಿಹಾಕಿ ಹೆಚ್ಚುಕಡಿಮೆ ಮೌನ ಆಗುತ್ತದೆ. ಮೊದಲ ಸಲ ಇದನ್ನು ಮಾಡಿದಾಗ ಸ್ಪೀಕರ್ ಕೆಟ್ಟಿತು ಅಂದುಕೊಂಡಿದ್ದೆ.

ಎರಡೂ ಒಂದೇ ಥರ ಇದ್ದರೆ ಸಾಫ್ಟ್‌ವೇರ್ ಕಡೆ ಸರಿ ಇದೆ. ತಪ್ಪು ಗಿಟಾರ್ ಕಡೆ. ಬೇರೆ ಬೇರೆ ಇದ್ದರೆ ಗಿಟಾರ್ ಕೆಳಗಿಡಿ. ತಂತಿ, ಪಿಕಪ್, ಕೇಬಲ್ ಯಾವುದಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವಿಲ್ಲ.

ಟೋನ್ ಕೊಟ್ಟವರು ಡಿಐ ಕೊಟ್ಟಿಲ್ಲವಾ? ಉಲ್ಟಾ ಮಾಡಿ. ನಿಮ್ಮ ಗಿಟಾರಿನ ಡಿಐ 20 ಸೆಕೆಂಡ್ ರೆಕಾರ್ಡ್ ಮಾಡಿ ಅವರಿಗೇ ಕಳಿಸಿ. "ಅಣ್ಣಾ, ಇದನ್ನು ನಿಮ್ಮ ಕಡೆ ಒಂದು ಸಲ ಹಾಯಿಸಿ ಕಳಿಸ್ತೀರಾ" ಅಂತ ಕೇಳಿದರೆ ಇಲ್ಲ ಅನ್ನುವವರು ಕಮ್ಮಿ.

ಸಾಫ್ಟ್‌ವೇರ್ ಕಡೆ: ಜೇನುಹುಳ ಮತ್ತು ಕಂಬಳಿ

ಜೇನುಹುಳದ ದೂರಿಗೆ ಕಾರಣ ಬಹುಪಾಲು ಒಂದೇ. ಕ್ಯಾಬ್, ಅಂದರೆ ಆಂಪ್‌ನ ಸ್ಪೀಕರ್ ಪೆಟ್ಟಿಗೆ, ಇಲ್ಲ.

ಗಿಟಾರ್ ಆಂಪ್‌ನ ಸ್ಪೀಕರ್ ನಮ್ಮ ಮನೆಯ ಮ್ಯೂಸಿಕ್ ಸಿಸ್ಟಮ್ ಸ್ಪೀಕರಿನ ಥರ ಎಲ್ಲ ಸದ್ದನ್ನೂ ಹೊರಗೆ ಬಿಡುವುದಿಲ್ಲ. ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಅದರ ಸದ್ದು ದಬಕ್ಕನೆ ಇಳಿಯುತ್ತದೆ. ಡಿಸ್ಟಾರ್ಷನ್‌ನಿಂದ (ಸದ್ದು ಒಡೆದು ಕರಕರ ಅನ್ನುವುದು) ಹುಟ್ಟುವ ಚುಚ್ಚುವ ಸದ್ದೆಲ್ಲ ಇರುವುದು ಆ ಮೇಲಿನ ಭಾಗದಲ್ಲಿ. ಸ್ಪೀಕರ್ ಜರಡಿ ಹಿಡಿದ ಹಾಗೆ ಅದನ್ನು ತಡೆಯುತ್ತದೆ. ಸ್ಪೀಕರ್ ಇಲ್ಲದ ಆಂಪ್ ಹೆಡ್ ಒಂದನ್ನೇ ಕ್ಯಾಪ್ಚರ್ ಮಾಡಿದ ಫೈಲ್‌ನಲ್ಲಿ ಆ ಜರಡಿ ಇರುವುದಿಲ್ಲ. ನಾವೇ ಐಆರ್ ಹಾಕಬೇಕು. ಐಆರ್ ಅಂದರೆ ಸ್ಪೀಕರ್ ಮತ್ತು ಅದರ ಮುಂದಿಟ್ಟ ಮೈಕ್ ಎರಡರ ಗುಣ ಹಿಡಿದಿಟ್ಟ ಚಿಕ್ಕ ವೇವ್ ಫೈಲ್. ನ್ಯಾಮ್ ಪ್ಲಗಿನ್‌ನಲ್ಲಿ ಎರಡು ಕಿಂಡಿ ಇವೆ. ಮೇಲಿನದು ಟೋನ್‌ಗೆ, ಕೆಳಗಿನದು ಐಆರ್‌ಗೆ. ಕೆಳಗಿನದು ಖಾಲಿ ಇದೆಯಾ ನೋಡಿ. ಫೈಲ್ ಇದ್ದೂ ಪಕ್ಕದ ಗುಂಡಿ ಆಫ್ ಆಗಿದೆಯಾ ಅಂತಲೂ ನೋಡಿ. ಎಂಪಿ3 ಮಾಡಿದ ಐಆರ್ ಅಲ್ಲಿ ನಡೆಯುವುದಿಲ್ಲ, ವೇವ್ ಫೈಲೇ ಬೇಕು.

ಉಲ್ಟಾ ದೂರೂ ಬರುತ್ತದೆ. "ಕಂಬಳಿ ಹೊದ್ದುಕೊಂಡು ಬಾರಿಸಿದ ಹಾಗಿದೆ ಮಾರಾಯ." ಅಂದರೆ ಕ್ಯಾಬ್ ಎರಡೆರಡು. ಆಂಪ್, ಸ್ಪೀಕರ್, ಮೈಕ್ ಎಲ್ಲ ಸೇರಿಸಿ ಮಾಡಿದ ಕ್ಯಾಪ್ಚರ್‌ಗೆ ಫುಲ್ ರಿಗ್ ಅನ್ನುತ್ತಾರೆ. ಅದರ ಮೇಲೆ ಇನ್ನೊಂದು ಐಆರ್ ಹಾಕಿದರೆ ಜರಡಿಯ ಮೇಲೆ ಜರಡಿ. ಕೆಳಗೆ ಗುಮ್ ಅನ್ನುತ್ತದೆ, ಮೇಲೆ ಏನೂ ಉಳಿಯುವುದಿಲ್ಲ.

ಈಗ ನನ್ನ ಕಥೆ. ಒಮ್ಮೆ ಒಂದು ಹಳೆಯ ವಾಲ್ವ್ ಆಂಪ್‌ನ ಕ್ಯಾಪ್ಚರ್ ಹಂಚಿದೆ. ಹೆಸರಿನಲ್ಲಿ "ಹೆಡ್ ಮಾತ್ರ" ಅಂತ ಬರೆದೆ. ಎಲ್ಲರೂ ಶಿಸ್ತಾಗಿ ಐಆರ್ ಹಾಕಿಕೊಂಡರು. ಎಲ್ಲರಿಗೂ ಕಂಬಳಿ. ನಾನು ಒಬ್ಬೊಬ್ಬರಿಗೂ "ನಿಮ್ಮ ಇಂಟರ್‌ಫೇಸ್ ನೋಡಿ, ತಂತಿ ಹಳೆಯದಾಗಿರಬೇಕು" ಅಂತ ಪಾಠ ಮಾಡಿದೆ. ಕೊನೆಗೆ ಹುಬ್ಬಳ್ಳಿಯ ಹುಡುಗನೊಬ್ಬ ತಣ್ಣಗೆ ಬರೆದ: "ಅಣ್ಣಾರ, ಐಆರ್ ತಗದ್ ನೋಡ್ರಿ, ಭಾರಿ ಬರ್ತೈತಿ." ತೆಗೆದು ನೋಡಿದೆ. ಕ್ಯಾಪ್ಚರ್ ಮಾಡುವಾಗ ಲೋಡ್ ಬಾಕ್ಸ್‌ನ (ಸ್ಪೀಕರ್ ಬದಲು ಆಂಪ್‌ಗೆ ಜೋಡಿಸುವ ಡಬ್ಬ) ಸ್ಪೀಕರ್ ಸಿಮ್ಯುಲೇಷನ್ ಆನ್ ಇತ್ತು. ಕ್ಯಾಬ್ ಒಳಗೇ ಸೇರಿಹೋಗಿತ್ತು. ಅವತ್ತಿನಿಂದ ಡಿಐ ಮತ್ತು ಅದರ ಫಲಿತಾಂಶ ಇಲ್ಲದೆ ಒಂದು ಫೈಲನ್ನೂ ಹೊರಗೆ ಬಿಟ್ಟಿಲ್ಲ.

ಆದ್ದರಿಂದ ಹೆಸರನ್ನು ಪೂರ್ತಿ ನಂಬಬೇಡಿ. ಐಆರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಿ. ಹತ್ತು ಸೆಕೆಂಡಿನ ಕೆಲಸ. ಎರಡೂ ಕೆಟ್ಟದಾಗಿದ್ದರೆ ಅದು ಬರೀ ಪೆಡಲ್‌ನ ಕ್ಯಾಪ್ಚರ್ ಆಗಿರಬಹುದು. ಪೆಡಲ್ ಆದಮೇಲೆ ಇನ್ನೊಂದು ಆಂಪ್ ಬೇಕಲ್ವಾ? ಪ್ಲಗಿನ್ ಎರಡು ಸಲ ಹಾಕಿ. ಮೊದಲನೆಯದರಲ್ಲಿ ಪೆಡಲ್, ಎರಡನೆಯದರಲ್ಲಿ ಆಂಪ್ ಮತ್ತು ಐಆರ್.

ಹೆಡ್‌ಫೋನ್ ಬಿಟ್ಟು ಮನೆಯ ಗಿಟಾರ್ ಆಂಪ್‌ಗೆ ಸದ್ದು ಕೊಡುವವರಿಗೂ ಇದೇ ಗಲಾಟೆ. ಆ ಆಂಪ್‌ನಲ್ಲಿ ನಿಜವಾದ ಗಿಟಾರ್ ಸ್ಪೀಕರ್ ಇದೆ. ಅಲ್ಲಿ ಐಆರ್ ಬೇಡ. ಮುಂದಿನ ಗಿಟಾರ್ ಸಾಕೆಟ್‌ಗೆ ಚುಚ್ಚಿದರೆ ಒಂದು ಪ್ರೀಆಂಪ್ ಮೇಲೆ ಇನ್ನೊಂದು ಪ್ರೀಆಂಪ್ ಕೂರುತ್ತದೆ. ಹಿಂದೆ ಎಫ್‌ಎಕ್ಸ್ ರಿಟರ್ನ್ (ಪ್ರೀಆಂಪ್ ತಪ್ಪಿಸಿ ಸದ್ದು ಕೊಡುವ ಸಾಕೆಟ್) ಇದ್ದರೆ ಅಲ್ಲಿಗೆ ಕೊಡಿ.

ಗಿಟಾರ್ ಕಡೆ: ಮೊದಲು ಡೈರೆಕ್ಟ್ ಮಾನಿಟರ್

ಡಿಐ ಪರೀಕ್ಷೆ ಪಾಸಾಯಿತು, ಆದರೂ ಬಾರಿಸುವಾಗ ಟೋನ್ ತೆಳ್ಳಗೆ, ಟೊಳ್ಳಾಗಿ ಕೇಳಿಸುತ್ತಿದೆ. ಡಿಸ್ಟಾರ್ಷನ್ ಹಿಂದೆ ಟಣ್ ಟಣ್ ಅಂತ ಹಸಿ ತಂತಿಯ ಸದ್ದೂ ಇದೆ. ಹಾಗಿದ್ದರೆ ಟ್ರ್ಯಾಕ್ ಮ್ಯೂಟ್ ಮಾಡಿ ಗಿಟಾರ್ ಬಾರಿಸಿ. ಇನ್ನೂ ಕೇಳಿಸುತ್ತಿದೆಯಾ? ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಆನ್ ಇದೆ. ಹಸಿ ಸದ್ದು ನೇರವಾಗಿ ಹೆಡ್‌ಫೋನಿಗೆ ಬರುತ್ತಿದೆ. ಪ್ಲಗಿನ್ ದಾಟಿದ ಸದ್ದು ಕೆಲವು ಮಿಲಿಸೆಕೆಂಡ್ ತಡವಾಗಿ ಅದರ ಜೊತೆ ಸೇರುತ್ತಿದೆ. ಎರಡೂ ಬೆರೆತು ಟೋನ್ ಹಾಳು. ಗುಂಡಿ ಆಫ್ ಮಾಡಿ. ಅದರ ಬದಲು ತಿರುಗಿಸುವ ನಾಬ್ ಇದ್ದರೆ ಪೂರ್ತಿ ಕಂಪ್ಯೂಟರ್ ಕಡೆಗೆ ತಿರುಗಿಸಿ.

ರೆಕಾರ್ಡ್ ಮಾಡಿ ಕೇಳಿದರೆ ಚೆನ್ನಾಗಿದೆ, ಬಾರಿಸುವಾಗ ಮಾತ್ರ ಕೆಟ್ಟದಾಗಿದೆ ಅನ್ನುವ ದೂರು ಬಂದರೆ ನಾನು ಬೇರೇನೂ ಕೇಳುವುದಿಲ್ಲ. ಇದನ್ನೇ ಹೇಳುತ್ತೇನೆ.

ಇನ್‌ಪುಟ್ ಲೆವೆಲ್: ನಿಜವಾದ ಜಗಳ ಇಲ್ಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹಂಚಿಕೊಂಡ ಟೋನ್‌ಗಳು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ ಕೇಳಿಸಲು ದೊಡ್ಡ ಕಾರಣ ಇದೇ.

ರೆಕಾರ್ಡಿಂಗ್ ಕಲಿಯುವಾಗ ಎಲ್ಲರಿಗೂ ಹೇಳಿಕೊಡುವ ಪಾಠ: ಇಂಟರ್‌ಫೇಸ್‌ನ ಗೇನ್ ಏರಿಸುತ್ತಾ ಹೋಗಿ, ಲೈಟ್ ಕೆಂಪಾಗುವ ಸ್ವಲ್ಪ ಮುಂಚೆ ನಿಲ್ಲಿಸಿ. ಹಾಡುವವರಿಗೆ ಅದು ಸರಿ. ಆಂಪ್ ಕ್ಯಾಪ್ಚರ್‌ಗೆ ತಪ್ಪು. ಯಾಕೆ ಅಂದರೆ, ಬರುವ ಸದ್ದು ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ತನ್ನ ಸದ್ದು ಎಷ್ಟು ಒಡೆಯಬೇಕು ಅಂತ ಆಂಪ್ ತೀರ್ಮಾನ ಮಾಡುತ್ತದೆ. ಮೆಲ್ಲಗೆ ಬಾರಿಸಿದರೆ ಕ್ಲೀನ್, ಬಲವಾಗಿ ಬಾರಿಸಿದರೆ ಕ್ರಂಚ್. ಆ ಗುಣವನ್ನು ಕ್ಯಾಪ್ಚರ್ ಕೂಡ ಕಲಿತಿರುತ್ತದೆ. ಇಂಟರ್‌ಫೇಸ್‌ನಲ್ಲಿ 6 ಡಿಬಿ (ಡೆಸಿಬೆಲ್) ಏರಿಸಿದರೆ ವೋಲ್ಟೇಜ್ ಎರಡು ಪಟ್ಟು. 12 ಡಿಬಿ ಅಂದರೆ ನಾಲ್ಕು ಪಟ್ಟು. ಆಂಪ್ ಮುಂದೆ ಒಂದು ಬೂಸ್ಟ್ ಪೆಡಲ್ ಇಟ್ಟು ಮರೆತ ಹಾಗೆ. ಆಮೇಲೆ "ಕ್ಲೀನ್ ಟೋನ್ ಅಂದೆ, ಇದು ಒಡೀತಿದೆಯಲ್ಲ" ಅಂತ ನನ್ನನ್ನು ಬೈದರೆ?

ಲೆಕ್ಕ ಬೇಡದ ದಾರಿ ಮೊದಲು. ಇಂಟರ್‌ಫೇಸ್‌ನ ಇನ್‌ಸ್ಟ್ರುಮೆಂಟ್ ಗುಂಡಿ ಒತ್ತಿ. ಗೇನ್ ನಾಬ್ ಪೂರ್ತಿ ಕೆಳಗೆ, ಅಂದರೆ ಕನಿಷ್ಠಕ್ಕೆ ಇಳಿಸಿ. ಗಿಟಾರಿನ ವಾಲ್ಯೂಮ್ 10. ಬ್ರಿಡ್ಜ್ ಪಿಕಪ್‌ನಲ್ಲಿ ಇ ಕಾರ್ಡ್ ಹಿಡಿದು ಬಲವಾಗಿ ಬಾರಿಸಿ. ಮೀಟರ್ ಎಲ್ಲಿಯವರೆಗೆ ಹೋಯಿತು ನೋಡಿ. ಈಗ ನಾನು ಕೊಟ್ಟ ಡಿಐ ಬಾರಿಸಿ ಅದರ ಮೀಟರ್ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಮುಗಿಯಿತು. ನಿಮ್ಮದು 5 ಡಿಬಿ ಜಾಸ್ತಿ ಇದ್ದರೆ ಪ್ಲಗಿನ್‌ನ ಇನ್‌ಪುಟ್ ನಾಬ್ 5 ಇಳಿಸಿ. ಕಮ್ಮಿ ಇದ್ದರೆ ಏರಿಸಿ. ನಾನು ಡಿಐ ಮಾಡಿದ ಗಿಟಾರಿನ ಪಿಕಪ್ ಹಂಬಕರ್ (ಎರಡು ಸುರುಳಿಯದು), ನಿಮ್ಮದು ಸಿಂಗಲ್ ಕಾಯಿಲ್ (ಒಂದೇ ಸುರುಳಿಯದು) ಆಗಿದ್ದರೆ ನಿಮ್ಮ ಮೀಟರ್ ಕೆಳಗೇ ಇರುತ್ತದೆ. ಅದನ್ನು ಸರಿ ಮಾಡಲು ಹೋಗಬೇಡಿ. ನಿಜವಾದ ಆಂಪ್‌ಗೆ ಚುಚ್ಚಿದರೂ ಹಾಗೇ ಇರುತ್ತಿತ್ತು.

ಈಗ ಲೆಕ್ಕದ ದಾರಿ. ಇಂಟರ್‌ಫೇಸ್‌ನ ವಿವರ ಪಟ್ಟಿಯಲ್ಲಿ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಗರಿಷ್ಠ ಮಟ್ಟ ಅಂತ ಒಂದು ಅಂಕಿ ಇರುತ್ತದೆ, ಡಿಬಿಯು (ವೋಲ್ಟೇಜ್ ಅಳೆಯುವ ಡೆಸಿಬೆಲ್ ಮಾನ) ಲೆಕ್ಕದಲ್ಲಿ. ಗೇನ್ ಕನಿಷ್ಠ ಇದ್ದಾಗ ಎಷ್ಟು ವೋಲ್ಟೇಜ್ ಬಂದರೆ ಮೀಟರ್ 0 ಮುಟ್ಟುತ್ತದೆ ಅನ್ನುವುದು ಅದರ ಅರ್ಥ. ಕ್ಯಾಪ್ಚರ್ ಮಾಡಿದವರೂ, ಮೀಟರ್ 0 ಇದ್ದಾಗ ಆಂಪ್‌ಗೆ ಎಷ್ಟು ಡಿಬಿಯು ಕಳಿಸುತ್ತಿದ್ದರು ಅನ್ನುವ ತಮ್ಮ ಅಂಕಿಯನ್ನು ಫೈಲ್‌ನೊಳಗೆ ಬರೆದಿಡಬಹುದು. ಅವರದು 12 ಡಿಬಿಯು, ನಿಮ್ಮದು 8 ಅಂತ ಇಟ್ಟುಕೊಳ್ಳಿ. ಅದೇ ಗಿಟಾರ್, ಅದೇ ಪೆಟ್ಟು. ಅವರ ಲೆಕ್ಕದಲ್ಲಿ -12 ಆಗುವ ಸದ್ದು ನಿಮ್ಮಲ್ಲಿ -8 ತೋರಿಸುತ್ತದೆ. ಅಂದರೆ ನೀವು ಪ್ಲಗಿನ್‌ಗೆ 4 ಡಿಬಿ ಜಾಸ್ತಿ ಕೊಡುತ್ತಿದ್ದೀರಿ. ಇನ್‌ಪುಟ್ -4 ಮಾಡಿ. ಹೊಸ ನ್ಯಾಮ್ ಪ್ಲಗಿನ್‌ನ ಸೆಟ್ಟಿಂಗ್‌ನಲ್ಲಿ ನಿಮ್ಮ ಅಂಕಿ ಬರೆದು ಕ್ಯಾಲಿಬ್ರೇಟ್ ಆನ್ ಮಾಡಿದರೆ ಈ ಕಳೆಯುವ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ಫೈಲ್‌ನಲ್ಲಿ ಅಂಕಿ ಇಲ್ಲದಿದ್ದರೆ ಆ ಸೌಲಭ್ಯ ಸಿಗುವುದಿಲ್ಲ.

ಗೇನ್ ನಾಬ್ ಒಂದು ಕೂದಲೆಳೆ ತಿರುಗಿಸಿದರೂ ಆ ಅಂಕಿ ಸುಳ್ಳಾಗುತ್ತದೆ. ನಾನು ನನ್ನ ನಾಬ್ ಮೇಲೆ ಸೆಲ್ಲೋಟೇಪ್ ಅಂಟಿಸಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀವೂ ಅಂಟಿಸಿ.

ಗೇನ್ ಕನಿಷ್ಠದಲ್ಲಿದ್ದೂ ಕೆಂಪು ಲೈಟ್ ಬರುತ್ತಿದೆಯಾ? ಜೋರು ಹಂಬಕರ್‌ಗಳಲ್ಲಿ ಆಗುತ್ತದೆ. ಆಗ ಪ್ಲಗಿನ್‌ನ ಇನ್‌ಪುಟ್ ಇಳಿಸಿ ಪ್ರಯೋಜನವಿಲ್ಲ, ಸದ್ದು ಅದಕ್ಕೂ ಮುಂಚೆಯೇ ಹರಿದುಹೋಗಿದೆ. ಪ್ಯಾಡ್ ಗುಂಡಿ (ಒಳಬರುವ ಸದ್ದು ತಗ್ಗಿಸುವುದು) ಇದ್ದರೆ ಒತ್ತಿ. ಇಲ್ಲದಿದ್ದರೆ ಪಿಕಪ್‌ನ ಸ್ಕ್ರೂ ತಿರುಗಿಸಿ ಅದನ್ನು ತಂತಿಯಿಂದ ಸ್ವಲ್ಪ ದೂರ ಇಳಿಸಿ.

ಆ ಒಂದು ಗುಂಡಿ

ಇನ್‌ಸ್ಟ್ರುಮೆಂಟ್ ಗುಂಡಿ ಅಂತ ಮೇಲೆ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ. ಆ ಗುಂಡಿ ನನ್ನ ಎರಡು ತಿಂಗಳು ತಿಂದಿದೆ. ಹೊಸ ಇಂಟರ್‌ಫೇಸ್ ತಂದಮೇಲೆ ನನ್ನ ಗಿಟಾರ್ ಸಪ್ಪೆ ಅನ್ನಿಸತೊಡಗಿತು. ತಂತಿ ಬದಲಿಸಿದೆ. ಕೇಬಲ್ ಬದಲಿಸಿದೆ. ಪಿಕಪ್ ಬದಲಿಸಲು ದುಡ್ಡು ಕೂಡಿಸುತ್ತಿದ್ದೆ. ಒಂದು ದಿನ ಧೂಳು ಒರೆಸುವಾಗ ಗುಂಡಿಗೆ ಬೆರಳು ತಾಗಿತು. ಚಿಕ್ಕ ದೀಪ ಹತ್ತಿತು. ಗಿಟಾರಿಗೆ ಜೀವ ಬಂತು.

ಆಗಿದ್ದು ಇಷ್ಟು. ಗಿಟಾರ್ ಪಿಕಪ್‌ನ ಸದ್ದು ತುಂಬಾ ಸೂಕ್ಷ್ಮ. ಅದನ್ನು ತೆಗೆದುಕೊಳ್ಳುವ ಇನ್‌ಪುಟ್‌ನ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಜಾಸ್ತಿ ಇರಬೇಕು, ಸುಮಾರು 1 ಮೆಗಾ ಓಮ್. ಆಂಪ್‌ಗಳಲ್ಲೂ ಅಷ್ಟೇ ಇರುತ್ತದೆ. ಲೈನ್ ಇನ್‌ಪುಟ್‌ನದು ಅದರ ಮುಂದೆ ಏನೂ ಅಲ್ಲ, ಕೆಲವು ಹತ್ತು ಕಿಲೋ ಓಮ್ ಇದ್ದರೆ ಹೆಚ್ಚು. ಅಷ್ಟು ಕಮ್ಮಿ ಇದ್ದರೆ ಪಿಕಪ್ ಮೇಲೆ ಭಾರ ಬಿದ್ದು ಮೇಲಿನ ಹೊಳಪು ಹೋಗುತ್ತದೆ. ಸದ್ದೂ ಸಣ್ಣದಾಗುತ್ತದೆ. ಆಮೇಲೆ ಯಾವ ಈಕ್ಯೂ ಹಾಕಿದರೂ ಅದು ಸರಿಯಾಗಿ ವಾಪಸ್ ಬರುವುದಿಲ್ಲ. ಕೆಲವು ಇಂಟರ್‌ಫೇಸ್‌ಗಳಲ್ಲಿ ಈ ಗುಂಡಿ ಡಬ್ಬದ ಮೇಲೆ ಇರದೆ ಅದರ ಸಾಫ್ಟ್‌ವೇರಿನಲ್ಲಿ ಇರುತ್ತದೆ. ಇನ್ನು ಕೆಲವಕ್ಕೆ ಎರಡು ಸಾಕೆಟ್‌ಗಳಲ್ಲಿ ಒಂದು ಮಾತ್ರ ಗಿಟಾರಿಗೆ. ಮೇಲೆ ಗಿಟಾರ್ ಚಿತ್ರ ಇರುತ್ತದೆ, ನೋಡಿ.

ಗುಂಯ್ ಸದ್ದು

ಟೋನ್ ಚೆನ್ನಾಗಿದೆ, ಆದರೆ ಬಾರಿಸದೆ ಇದ್ದಾಗ ಗುಂಯ್ ಅನ್ನುತ್ತದೆ ಅಂದರೆ ಫೈಲ್‌ನ ತಪ್ಪಿಲ್ಲ. ಹೈ ಗೇನ್ ಟೋನ್ ಅಂದಮೇಲೆ ಮನೆಯ ಕರೆಂಟಿನ ಗದ್ದಲವನ್ನೂ ಅದು ದೊಡ್ಡದು ಮಾಡುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಆ ಗುಂಯ್ ಅದೇ.

ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ಹೋಯಿತಾ? ಹಾಗಾದರೆ ಪಿಕಪ್ ಹೊರಗಿನಿಂದ ಹಿಡಿಯುತ್ತಿದೆ. ಕೂತಲ್ಲೇ ಮೆಲ್ಲಗೆ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಕಮ್ಮಿಯಾಗುತ್ತದೆ. ಮಾನಿಟರ್ ಮತ್ತು ಚಾರ್ಜರ್‌ನಿಂದ ದೂರ ಹೋಗಿ. ಫ್ಯಾನ್ ರೆಗ್ಯುಲೇಟರ್ ಮೇಲೆ ನನಗೆ ಯಾವಾಗಲೂ ಅನುಮಾನ. ಹಂತ ಹಂತವಾಗಿ ನಿಲ್ಲದೆ ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಫ್ಯಾನ್ ಆಫ್ ಮಾಡಿ ನೋಡಿ. ಕರೆಂಟ್ ಹೋಗಿ ಹಳೆಯ ಥರದ ಇನ್ವರ್ಟರ್ ಮೇಲೆ ಮನೆ ನಡೆಯುತ್ತಿದ್ದರೆ ಆ ಸಮಯದಲ್ಲಿ ಹೈ ಗೇನ್ ಬೇಡ. ಕ್ಲೀನ್ ಬಾರಿಸಿ, ಇಲ್ಲವೇ ಚಹಾ ಕುಡಿಯಿರಿ.

ವಾಲ್ಯೂಮ್ ಸೊನ್ನೆ ಮಾಡಿದರೂ ಸದ್ದು ಇದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನೋಡಿ. ನಿಂತರೆ ಚಾರ್ಜರ್ ಅಥವಾ ಮನೆಯ ಅರ್ಥಿಂಗ್ ಕಾರಣ. ಸರಿಯಾದ ಮೂರು ಪಿನ್ ಸಾಕೆಟ್ ಬಳಸಿ. ಗುಂಯ್ ಹೋಗಲಿ ಅಂತ ಅರ್ಥ್ ಪಿನ್ ಮುರಿಯುವ, ಟೇಪ್ ಸುತ್ತುವ ಕೆಲಸ ಮಾತ್ರ ಮಾಡಬೇಡಿ. ಲೋಹದ ತಂತಿ ಕೈಯಲ್ಲಿ ಹಿಡಿದು ಕೂರುವವರು ನಾವು.

ತಡ, ಚಟಪಟ

ಚಟಪಟ ಸದ್ದು ಬಂದರೆ ಕಂಪ್ಯೂಟರ್‌ಗೆ ಕೆಲಸ ಜಾಸ್ತಿಯಾಗಿದೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡಿನ ಗಾತ್ರ) 128 ಇದ್ದರೆ 256 ಮಾಡಿ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಮೋಡ್‌ನಲ್ಲಿದ್ದರೆ ತೆಗೆಯಿರಿ. ಹಳೆಯ ಲ್ಯಾಪ್‌ಟಾಪ್‌ನವರು ಅದೇ ಆಂಪ್‌ನ ಲೈಟ್, ಫೆದರ್ ಅಥವಾ ನ್ಯಾನೋ ಗಾತ್ರದ ಕ್ಯಾಪ್ಚರ್ ಕೇಳಿ ಪಡೆಯಿರಿ. ಸ್ವಲ್ಪ ನಿಖರತೆ ಕಮ್ಮಿ, ಆದರೆ ಓಡುತ್ತದೆ.

ಬಾರಿಸಿದ ಮೇಲೆ ತಡವಾಗಿ ಕೇಳಿಸಿದರೆ ಬಫರ್ ತೀರಾ ದೊಡ್ಡದಾಗಿದೆ. 48 ಕಿಲೋಹರ್ಟ್ಸ್‌ನಲ್ಲಿ 128 ಅಂದರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್. 1024 ಅಂದರೆ 21. ಆಂಪ್‌ನಿಂದ ಒಂದು ಮೀಟರ್ ದೂರ ನಿಂತರೆ ಸದ್ದು ಕಿವಿಗೆ ಬರಲು ಸುಮಾರು 3 ಮಿಲಿಸೆಕೆಂಡ್ ಬೇಕು, ಅದನ್ನು ಯಾರೂ ಗಮನಿಸುವುದಿಲ್ಲ. 21 ಬೆರಳಿಗೆ ಗೊತ್ತಾಗುತ್ತದೆ. ವಿಂಡೋಸ್‌ನವರು ಇಂಟರ್‌ಫೇಸ್ ತಯಾರಕರ ಅಸಿಯೋ ಡ್ರೈವರ್ (ತಡ ಕಮ್ಮಿ ಮಾಡುವ ತಂತ್ರಾಂಶ) ಹಾಕಿಕೊಳ್ಳಿ, ಇದರಲ್ಲಿ ಚೌಕಾಸಿ ಬೇಡ.

ಎಲ್ಲ ಸರಿ ಇದೆ, ಆದರೂ ಡೆಮೊ ಥರ ಇಲ್ಲ

ಡೆಮೊ ಇನ್ನೊಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ಎಡಗಿವಿಗೆ ಒಂದು ಗಿಟಾರ್, ಬಲಗಿವಿಗೆ ಇನ್ನೊಂದು. ಒಂದೇ ರಿಫ್ ಅನ್ನು ಎರಡು ಸಲ ಬಾರಿಸಿ ಎರಡು ಕಡೆ ಹರಡಿದ್ದಾರೆ. ಕೆಳಗೆ ಬಾಸ್ ಗಿಟಾರ್ ಇದೆ. ಆ "ದಪ್ಪ" ಅದರಿಂದ ಬರುತ್ತಿದೆ. ಸೋಲೋ ಮೇಲೆ ಡಿಲೇ, ರಿವರ್ಬ್ ಇದೆ. ನ್ಯಾಮ್ ಕ್ಯಾಪ್ಚರ್‌ನಲ್ಲಿ ಇವು ಯಾವುದೂ ಇರುವುದಿಲ್ಲ, ನೀವೇ ಹಾಕಬೇಕು. ನಾನು ಒಂದೇ ಗಿಟಾರಿನ, ಏನೂ ಬೆರೆಸದ ಡೆಮೊ ಹಾಕಿದರೆ ಒಬ್ಬರೂ ಡೌನ್‌ಲೋಡ್ ಮಾಡುವುದಿಲ್ಲ. ಈಗ ಎರಡೂ ಹಾಕುತ್ತೇನೆ.

ಕೇಳುವ ಜೋರೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳಿದರೆ ಬಾಸ್ ಕಿವಿಗೆ ಕಮ್ಮಿ ಅನ್ನಿಸುತ್ತದೆ. ಕಿವಿಯ ಗುಣವೇ ಹಾಗೆ.

ಹಂಚುವವರಿಗೆ ಎರಡು ಮಾತು

ಫೈಲ್ ಹೆಸರಿನಲ್ಲಿ "ಕಿಲ್ಲರ್ ಟೋನ್ ಫೈನಲ್ 3" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಆಂಪ್, ಯಾವ ಚಾನಲ್, ನಾಬ್‌ಗಳು ಎಲ್ಲಿದ್ದವು, ಮುಂದೆ ಪೆಡಲ್ ಇತ್ತಾ, ಕ್ಯಾಬ್ ಒಳಗಿದೆಯಾ ಹೊರಗಿದೆಯಾ, ಆಂಪ್‌ಗೆ ಕಳಿಸಿದ ಸದ್ದಿನ ಡಿಬಿಯು ಎಷ್ಟು, ಇವನ್ನು ಬರೆಯಿರಿ. ಜೊತೆಗೆ ಡಿಐ ಮತ್ತು ಅದರ ಫಲಿತಾಂಶ. ಕ್ಯಾಬ್ ವಿಷಯವನ್ನು ಬರೆಯುವ ಮುಂಚೆ ಕೇಳಿ ಖಚಿತ ಮಾಡಿಕೊಳ್ಳಿ. ನನ್ನ ಗತಿ ನಿಮಗೆ ಬೇಡ.

ದುಡ್ಡು ಕೊಟ್ಟು ತಂದ ಐಆರ್ ಅನ್ನು ಜಿಪ್‌ಗೆ ಸೇರಿಸಿ ಹಂಚಬೇಡಿ. ಬೇರೆಯವರ ಕ್ಯಾಪ್ಚರ್‌ಗೆ ಹೊಸ ಹೆಸರಿಟ್ಟು ನಿಮ್ಮದು ಅಂತ ಹಾಕುವುದೂ ಬೇಡ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗೆ ಮಾಡಿದವರ ಹೆಸರು ಹಲವು ಸಲ ಹಾಗೇ ಇರುತ್ತದೆ. ನಮ್ಮ ಬಳಗದಲ್ಲಿ ಒಬ್ಬರು ಹಾಗೇ ಸಿಕ್ಕಿಬಿದ್ದರು.

ಇಷ್ಟೆಲ್ಲ ನೋಡಿಯೂ ಸರಿಯಾಗದಿದ್ದರೆ ನನಗೆ ಬರೆಯಿರಿ. "ಟೋನ್ ಚೆನ್ನಾಗಿಲ್ಲ" ಅಂತ ಒಂದೇ ಸಾಲು ಬೇಡ. ನಿಮ್ಮ ಗಿಟಾರಿನ 20 ಸೆಕೆಂಡ್ ಡಿಐ, ವೇವ್ ಫೈಲ್ ಆಗಿ. ಪ್ಲಗಿನ್‌ನ ಸ್ಕ್ರೀನ್‌ಶಾಟ್, ಎರಡೂ ಕಿಂಡಿ ಕಾಣುವ ಹಾಗೆ. ಇಂಟರ್‌ಫೇಸ್‌ನ ಮುಂಭಾಗದ ಫೋಟೋ, ಗುಂಡಿಗಳ ದೀಪ ಕಾಣುವ ಹಾಗೆ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ (ಅದರಲ್ಲಿ ಸದ್ದು ತಡವಾಗಿಯೇ ಬರುತ್ತದೆ) ಕೇಳುತ್ತಾ ಬಾರಿಸುತ್ತಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ, ಇಬ್ಬರ ಸಂಜೆಯೂ ಉಳಿಯುತ್ತದೆ.